ಬಟರ್‌ಫ್ಲೈನಲ್ಲಿ ಬೆಣ್ಣೆ ಎಲ್ಲಿಂದ ಬಂತು?

ಪ್ರಶ್ನೆ: ಮಾನ್ಯರೇ, ನಾನು ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ವರ್ಷ ಶಾಲೆಯ ಗೋಡೆಗೆ ಬಣ್ಣ ಹೊಡೆಸಿದಾಗ ಒಂದು ದೊಡ್ಡ ಚಿಟ್ಟೆಯ ಚಿತ್ರ ಬರೆಸಿ, ಅದರ ಕೆಳಗೆ ‘ಬಟರ್‌ಫ್ಲೈ ಪದದ ಮೂಲ ರೂಪ ಫ್ಲಟರ್‌ಬೈ, ಪಟಪಟ ರೆಕ್ಕೆ ಬಡಿಯುತ್ತ ಹಾರಿಹೋಗುವುದು ಎಂದು ಅರ್ಥ, ಬಾಯಿಂದ ಬಾಯಿಗೆ ಅಕ್ಷರ ಅದಲುಬದಲಾಯಿತು’ ಎಂದು ಬರೆಸಿದ್ದೆ. ಇದನ್ನು ಮೊಬೈಲಿನಲ್ಲಿ ಎಷ್ಟೋ ಸಲ ಓದಿದ್ದೆ, ಒಂದು ತರಬೇತಿಯಲ್ಲೂ ಕೇಳಿದ್ದೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಗೋಡೆ ನೋಡಿ, ‘ಇದು ಸುಳ್ಳು ಟೀಚರ್, ಮಾಟಗಾತಿಯರು ಚಿಟ್ಟೆಯಾಗಿ ಬಂದು ಬೆಣ್ಣೆ ಕದಿಯುತ್ತಿದ್ದರು, ಅದಕ್ಕೇ ಆ ಹೆಸರು’ ಎಂದ. ನಮ್ಮ ವಿಜ್ಞಾನ ಶಿಕ್ಷಕರು ಹಳದಿ ಚಿಟ್ಟೆಯ ಬಣ್ಣದಿಂದ ಬಂದ ಹೆಸರು ಎನ್ನುತ್ತಾರೆ. ಇನ್ನೊಬ್ಬರು ಮೂರನೆಯ ಕಾರಣ ಹೇಳಿದರು, ಅದನ್ನು ಮಕ್ಕಳ ಮುಂದೆ ಹೇಳುವ ಹಾಗೇ ಇಲ್ಲ. ಈ ನಡುವೆ ಎಂಟನೆಯ ತರಗತಿಯ ಹುಡುಗನೊಬ್ಬ ಕಿಟಕಿಯಲ್ಲಿ ಬೆಣ್ಣೆ ಇಟ್ಟು ಚಿಟ್ಟೆ ಬರುತ್ತದೆಯೇ ಎಂದು ಕಾಯುತ್ತಿದ್ದಾನೆ. ನಾನು ಒಂದು ವರ್ಷ ತಪ್ಪು ಕಲಿಸಿದೆನೇ? ಗೋಡೆಯ ಮೇಲೆ ಈಗ ಏನು ಬರೆಸಲಿ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಈ ಪದ ಯಾವ ಯಾವ ತುಂಡುಗಳಿಂದ ಆಗಿದೆ ಎಂಬುದು ಒಂದು. ಆ ತುಂಡುಗಳನ್ನೇ ಯಾಕೆ ಕೂಡಿಸಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಖಚಿತವಾದ ಉತ್ತರವಿದೆ. ಎರಡನೆಯದಕ್ಕೆ ಇಲ್ಲ. ಇದೆ ಎನ್ನುವವರು ಸಿಕ್ಕರೆ ಅವರ ಮಾತನ್ನು ಸಾವಧಾನವಾಗಿ ಕೇಳಿ, ಗೋಡೆಯ ಮೇಲೆ ಮಾತ್ರ ಬರೆಸಬೇಡಿ. ಈಗ ನಿಮ್ಮ ಗೋಡೆಯಲ್ಲಿರುವುದು ಮೊದಲ ಪ್ರಶ್ನೆಗೇ ತಪ್ಪು ಉತ್ತರ, ಹಾಗಾಗಿ ಅದು ಹೋಗಬೇಕು. ಆದರೆ ನಿಮ್ಮ ಹಳೆಯ ವಿದ್ಯಾರ್ಥಿಯ ಮಾಟಗಾತಿಯನ್ನು ಆ ಜಾಗಕ್ಕೆ ಕೂರಿಸುವ ಅವಸರವೂ ಬೇಡ.

ಫ್ಲಟರ್‌ಬೈ ಕಥೆಯನ್ನು ನಂಬಿದ್ದಕ್ಕೆ ನಾಚಿಕೆಪಡಬೇಕಿಲ್ಲ. ಮೂವತ್ತು ವರ್ಷ ಭಾಷೆಯ ಚರಿತ್ರೆಯನ್ನು ಪಾಠ ಮಾಡಿದ್ದೇನೆ; ಹೊಸ ತರಗತಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಿದ್ದರು. ಪದಗಳ ಮೊದಲ ಧ್ವನಿಗಳನ್ನು ಅದಲುಬದಲು ಮಾಡುವ ಆಟ ಎಲ್ಲ ಭಾಷೆಗಳಲ್ಲೂ ಇದೆ. ‘ಬಿಸಿ ಕಾಫಿ’ಯನ್ನು ‘ಕಿಸಿ ಬಾಫಿ’ ಮಾಡಿ ನಮ್ಮ ಮಕ್ಕಳೂ ನಗುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪೂನರಿಸಂ ಎಂದೇ ಹೆಸರು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844–1930) ಎಂಬ ಪ್ರಾಧ್ಯಾಪಕರ ನಾಲಗೆ ಹೀಗೆ ತೊಡರುತ್ತಿತ್ತೆಂಬ ಖ್ಯಾತಿಯಿಂದ ಬಂದದ್ದು. ಫ್ಲಟರ್‌ಬೈ ಅಂಥ ಒಂದು ಆಟ. ಅರ್ಥವೂ ಚಿಟ್ಟೆಗೆ ಹೇಳಿ ಮಾಡಿಸಿದಂತಿದೆ. ಒಂದು ಪದದ ಮೂಲ ಇಷ್ಟು ಒಪ್ಪವಾಗಿ, ಇಷ್ಟು ಮುದ್ದಾಗಿ ಕೈಗೆ ಸಿಕ್ಕರೆ ನನ್ನಂಥವರಿಗೆ ಮೊದಲು ಅನುಮಾನವೇ ಬರುತ್ತದೆ.

ಆ ಆಟವನ್ನು ಸಾವಿರ ವರ್ಷ ಹಿಂದಕ್ಕೆ ಹೋಗಿ ಆಡಿ ನೋಡೋಣ. ಕ್ರಿ.ಶ. 1000ದ ಆಸುಪಾಸಿನಲ್ಲಿ ಇಂಗ್ಲೆಂಡಿನ ಮಠಗಳಲ್ಲಿ ಲ್ಯಾಟಿನ್ ಕಲಿಯುವವರಿಗಾಗಿ ಪದಪಟ್ಟಿಗಳನ್ನು ಬರೆದಿಡುತ್ತಿದ್ದರು. ಲ್ಯಾಟಿನ್ ಪದ, ಅದರ ಪಕ್ಕದಲ್ಲಿ ಊರ ಮಾತಿನ ಪದ. ನಮ್ಮ ಶಾಲೆಯ ಪಠ್ಯದ ಕೊನೆಯಲ್ಲಿ ಕಠಿಣ ಪದಗಳ ಅರ್ಥ ಕೊಡುತ್ತಾರಲ್ಲ, ಹಾಗೆ. ಆ ಪಟ್ಟಿಗಳಲ್ಲಿ ಚಿಟ್ಟೆಯ ಲ್ಯಾಟಿನ್ ಹೆಸರು ‘ಪಾಪಿಲಿಯೊ’ ಎಂಬುದರ ಪಕ್ಕದಲ್ಲಿ ‘ಬುಟ್ಟೊರ್‌ಫ್ಲೇಯೊಗೆ’ ಎಂದಿದೆ. ಇದೇ ಇಂದಿನ ಬಟರ್‌ಫ್ಲೈ. ಈಗ ಇದರ ಧ್ವನಿಗಳನ್ನು ಅದಲುಬದಲು ಮಾಡಿ: ‘ಫ್ಲುಟ್ಟೊರ್‌ಬೇಯೊಗೆ’. ಏನಾದರೂ ಅರ್ಥವಾಯಿತೇ? ಅಂದಿನ ಇಂಗ್ಲಿಷರಿಗೂ ಆಗುತ್ತಿರಲಿಲ್ಲ. ಈ ಚಮತ್ಕಾರ ನಡೆಯುವುದು ‘ಫ್ಲೈ’ ಮತ್ತು ‘ಬೈ’ ಒಂದಕ್ಕೊಂದು ಪ್ರಾಸವಾಗಿರುವುದರಿಂದ. ಸಾವಿರ ವರ್ಷದ ಹಿಂದೆ ಅವು ಪ್ರಾಸಪದಗಳೇ ಆಗಿರಲಿಲ್ಲ: ಒಂದು ‘ಫ್ಲೇಯೊಗೆ’, ಇನ್ನೊಂದು ‘ಬೀ’. ಉಚ್ಚಾರ ಸವೆದು ಬದಲಾಗಿ ಅವೆರಡೂ ಹತ್ತಿರ ಬಂದದ್ದು ಬಹಳ ತಡವಾಗಿ. ಅಂದರೆ ಫ್ಲಟರ್‌ಬೈ ಹುಟ್ಟುವಷ್ಟರಲ್ಲಿ ಬಟರ್‌ಫ್ಲೈಗೆ ನೂರಾರು ವರ್ಷ ವಯಸ್ಸಾಗಿತ್ತು. ಸಾಲದ್ದಕ್ಕೆ ಇದೇ ಜೋಡಣೆ ಡಚ್ಚಿನಲ್ಲಿ ‘ಬೋಟರ್‌ವ್ಲೀಖ್’ ಎಂದೂ ಜರ್ಮನ್ನಿನಲ್ಲಿ ‘ಬುಟರ್‌ಫ್ಲೀಗೆ’ ಎಂದೂ ಕಾಣಿಸುತ್ತದೆ. ಮೂರು ಭಾಷೆಗಳವರ ನಾಲಗೆ ಒಂದೇ ಕಡೆ ತೊಡರಿತು ಎಂದು ನಂಬುವುದು ಕಷ್ಟ.

ಹಾಗಾದರೆ ಬೆಣ್ಣೆ, ನೊಣ ಎರಡೂ ಅಲ್ಲಿ ನಿಜವಾಗಿಯೇ ಇವೆ. ನೊಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಫ್ಲೇಯೊಗೆ’ ಎಂದರೆ ರೆಕ್ಕೆಯಿರುವ ಯಾವ ಹುಳುವಾದರೂ ಸರಿ. ಡ್ರ್ಯಾಗನ್‌ಫ್ಲೈ, ಫೈರ್‌ಫ್ಲೈಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ನಾವು ಜೇನುನೊಣ ಎನ್ನುವುದಿಲ್ಲವೇ? ಅದು ನೊಣವಲ್ಲವೆಂದು ಯಾರೂ ತಕರಾರು ತೆಗೆಯುವುದಿಲ್ಲ.

ಬೆಣ್ಣೆಯ ಕಥೆ ಉದ್ದ, ರುಚಿಯೂ ಹೆಚ್ಚು. ‘ಬಟರ್’ ಎಂಬುದು ಇಂಗ್ಲಿಷ್ ಸೇರಿರುವ ಜರ್ಮ್ಯಾನಿಕ್ ಬಳಗದ ಭಾಷೆಗಳ ಸ್ವಂತ ಪದವಲ್ಲ. ಗ್ರೀಕರು ಹಸುವಿಗೆ ‘ಬೂಸ್’, ಗಿಣ್ಣಿನಂಥ ಗಟ್ಟಿ ಹಾಲಿಗೆ, ಅಂದರೆ ಚೀಸಿಗೆ ‘ತೂರೋಸ್’ ಎನ್ನುತ್ತಿದ್ದರು. ಎರಡೂ ಸೇರಿ ‘ಬೂತೂರೊನ್’, ಹಸುವಿನ ಚೀಸ್. ಅದನ್ನು ಲ್ಯಾಟಿನ್ ಎತ್ತಿಕೊಂಡಿತು, ಲ್ಯಾಟಿನ್ನಿನಿಂದ ಇಂದಿನ ಇಂಗ್ಲಿಷ್, ಡಚ್, ಜರ್ಮನ್‌ಗಳ ಪೂರ್ವಜರು ಎತ್ತಿಕೊಂಡರು. ಮೊದಲ ತುಂಡಾದ ಆ ‘ಬೂಸ್’ ನಮ್ಮ ‘ಗೋ’ ಪದದ ಒಡಹುಟ್ಟು. ಮೂಲದಲ್ಲಿದ್ದ ಒಂದು ಧ್ವನಿ ಸಂಸ್ಕೃತದಲ್ಲಿ ‘ಗ’ ಆಯಿತು, ಗ್ರೀಕಿನಲ್ಲಿ ‘ಬ’ ಆಯಿತು. ನಿಮ್ಮ ಗೋಡೆಯ ಚಿಟ್ಟೆಯ ಹೆಸರಿನೊಳಗೆ ಒಂದು ಹಸು ಅವಿತು ಕುಳಿತಿದೆ ಎಂದು ಮಕ್ಕಳಿಗೆ ಧಾರಾಳವಾಗಿ ಹೇಳಿ, ಅದು ನಿಜ.

ಇದರಲ್ಲೊಂದು ತಮಾಷೆಯೂ ಇದೆ. ಗ್ರೀಕರೂ ರೋಮನ್ನರೂ ಆಲಿವ್ ಎಣ್ಣೆಯ ಜನ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬೆಣ್ಣೆಯನ್ನು ಅನಾಗರಿಕ ಜನಾಂಗಗಳ ನೆಚ್ಚಿನ ತಿನಿಸು ಎಂದು ಬರೆದ. ಬೆಣ್ಣೆ ತಿನ್ನುತ್ತಿದ್ದ ಉತ್ತರದವರು ಬೆಣ್ಣೆ ತಿನ್ನದವರಿಂದ ಅದರ ಹೆಸರನ್ನು ಸಾಲ ಪಡೆದರು! ಅವರಿಗೆ ಅದಕ್ಕೆ ಸ್ವಂತ ಹೆಸರು ಇರಲಿಲ್ಲವೆಂದಲ್ಲ. ಸ್ಕ್ಯಾಂಡಿನೇವಿಯದವರು ಇಂದಿಗೂ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಸ್ವೀಡನ್ನಿನಲ್ಲಿ ಬೆಣ್ಣೆ ‘ಸ್ಮೋರ್’, ಸವರುವುದು ಎಂಬ ಅರ್ಥದ ಇಂಗ್ಲಿಷಿನ ‘ಸ್ಮಿಯರ್’ ಅದರ ಬಳಗ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಆಡುವವರು ಮನೆಯಲ್ಲಿ ಬೆಣ್ಣೆಗೆ ‘ಆಂಕೆ’ ಎನ್ನುತ್ತಾರೆ. ಅದು ಬಳಿಯುವುದು, ಲೇಪಿಸುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ನಮ್ಮ ಕಣ್ಣಿಗೆ ಹಚ್ಚುವ ‘ಅಂಜನ’ವೂ ಅದೇ ಧಾತುವಿನ ಕುಡಿ. ಕನ್ನಡದ ‘ಬೆಣ್ಣೆ’ಗೆ ಇವು ಯಾವುದರ ನಂಟೂ ಇಲ್ಲ, ಅದು ಬೆಳ್ ಮತ್ತು ನೆಯ್ ಸೇರಿದ್ದು, ಬಿಳಿಯ ತುಪ್ಪ.

ಬೆಣ್ಣೆಯ ಮೇಲೆ ಇಷ್ಟು ಹೊತ್ತು ನಿಂತದ್ದಕ್ಕೆ ಕಾರಣವಿದೆ. ‘ಬಟರ್’ ಬಂದದ್ದು ರೋಮನ್ನರ ಒಡನಾಟದಿಂದ ಎಂದಮೇಲೆ ‘ಬಟರ್‌ಫ್ಲೈ’ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಚಿಟ್ಟೆಗಳಂತೂ ಮೊದಲಿನಿಂದ ಇದ್ದವು. ಅವನ್ನು ಆ ಜನ ಅದಕ್ಕೆ ಮೊದಲು ಏನೆಂದು ಕರೆಯುತ್ತಿದ್ದರು?

ಆ ಹೆಸರೂ ಉಳಿದಿದೆ. ಅದೇ ಮಠಗಳ ಪದಪಟ್ಟಿಗಳಲ್ಲಿ ‘ಪಾಪಿಲಿಯೊ’ ಪಕ್ಕದಲ್ಲಿ ಕೆಲವೆಡೆ ‘ಫೀಫಾಲ್ಡೆ’ ಎಂಬ ಇನ್ನೊಂದು ಪದವಿದೆ. ಹಳೆಯ ಜರ್ಮನ್ನಿನಲ್ಲಿ ಅದು ‘ಫೀಫಲ್ಟ್ರ’, ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಲ್ಲಿ ‘ಫಿಫ್ರಿಲ್ದಿ’. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ಇವುಗಳ ತಾಯಿ ಸುಮಾರಾಗಿ *ಫೀಫಲ್ದ್ರೋ ಎಂದಿರಬೇಕು ಎಂದು ಪುನಾರಚಿಸುತ್ತಾರೆ. ಎದುರಿಗಿರುವ ನಕ್ಷತ್ರವನ್ನು ಗಮನಿಸಿ. ಯಾವ ಹಸ್ತಪ್ರತಿಯಲ್ಲೂ ಕಾಣದ, ಲೆಕ್ಕ ಹಾಕಿ ಕಂಡುಕೊಂಡ ರೂಪಕ್ಕೆ ನಾವು ನಕ್ಷತ್ರ ಹಾಕುತ್ತೇವೆ. ನಮ್ಮ ವೃತ್ತಿಯಲ್ಲಿ ಪ್ರಾಮಾಣಿಕತೆಯ ಗುರುತು ಅದು. ಮೊಬೈಲಿನಲ್ಲಿ ಹರಿದಾಡುವ ಪದಮೂಲಗಳಿಗೆ ಯಾರೂ ನಕ್ಷತ್ರ ಹಾಕುವುದಿಲ್ಲ.

ಈ ಫೀಫಲ್ ಎಂಬುದರಲ್ಲಿ ಏನಿದೆ? ಒಂದೇ ಧ್ವನಿ ಎರಡು ಸಲ ಬಂದಿದೆ: ಫೀ-ಫಲ್. ಜರ್ಮ್ಯಾನಿಕ್ ಭಾಷೆಗಳಲ್ಲಿ ಬಹಳ ಹಿಂದೆ ‘ಪ’ ಇದ್ದ ಕಡೆ ‘ಫ’ ಬಂತು ಎಂಬ ನಿಯಮವನ್ನು ನೀವು ಕೇಳಿರಬಹುದು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಗುರುತಿಸಿದ್ದನ್ನು ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ಸಂಸ್ಕೃತದ ಪಿತೃ, ಇಂಗ್ಲಿಷಿನ ಫಾದರ್, ಪಾದ, ಫುಟ್. ‘ಪಶು’ವಿನ ಒಡಹುಟ್ಟು ಯಾವುದು ಗೊತ್ತೇ? ‘ಫೀ’. ದನವೇ ಧನವಾಗಿದ್ದ ಕಾಲದ ಪದ, ಈಗ ನಿಮ್ಮ ಶಾಲೆಯ ರಸೀದಿಯಲ್ಲಿದೆ. ಇದೇ ನಿಯಮವನ್ನು ತಿರುಗಿಸಿ ಫೀಫಲ್‌ಗೆ ಹಚ್ಚಿದರೆ ಪೀಪಲ್. ಲ್ಯಾಟಿನ್ನಿನ ಪಾಪಿಲ್ ಎಷ್ಟು ಹತ್ತಿರ ಬಂತು ನೋಡಿ. ಎರಡೂ ಒಂದೇ ಹಳೆಯ ಪದದಿಂದ ಇಳಿದವೋ, ಅಥವಾ ರೆಕ್ಕೆ ಬಡಿಯುವುದನ್ನು ಕಂಡು ಎರಡು ಕಡೆಯವರೂ ಬೇರೆ ಬೇರೆಯಾಗಿ ಹೀಗೆ ಇಮ್ಮಡಿ ಮಾಡಿದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗೆ ಎರಡನೆಯದೂ ಸಹಜವಾಗಿಯೇ ಕಾಣುತ್ತದೆ. ನೀವೇ ನಿಮ್ಮ ಪತ್ರದಲ್ಲಿ ‘ಪಟಪಟ’ ಎಂದು ಬರೆದಿದ್ದೀರಿ. ಮಿಣಮಿಣ ಎನ್ನುವುದು ಮಿಣುಕುಹುಳು. ‘ಪಟಪಟ’ಕ್ಕೂ ‘ಪಾಪಿಲಿಯೊ’ಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಅದನ್ನು ಗೋಡೆಗೆ ಏರಿಸಬೇಡಿ. ಹುಳುವಿನ ಚಲನೆ ಬಾಯಿಯಲ್ಲಿ ಇಮ್ಮಡಿ ಧ್ವನಿಯಾಗುವುದು ಎಲ್ಲ ಕಡೆಯೂ ಆಗುವಂಥದ್ದು ಎಂದಷ್ಟೇ.

ಆ ಹಳೆಯ ಹೆಸರಿಗೆ ಮುಂದೆ ಏನಾಯಿತು ಎಂಬುದರಲ್ಲಿ ನಿಮಗೆ ಸಮಾಧಾನವಿದೆ. ಫೀಫಲ್ದ್ರೋ ಎಂದರೇನೆಂದು ಆಡುವವರಿಗೇ ಮರೆತುಹೋಯಿತು. ಅರ್ಥ ಮರೆತ ಪದವನ್ನು ಜನ ಸುಮ್ಮನೆ ಬಿಡುವುದಿಲ್ಲ, ತಮಗೆ ಗೊತ್ತಿರುವ ಪದದ ಅಂಗಿ ತೊಡಿಸುತ್ತಾರೆ. ಇಂಗ್ಲೆಂಡಿನ ಲಿಪಿಕಾರರು ಅದನ್ನು ‘ಫೀಫ್‌ಫಾಲ್ಡೆ’ ಎಂದು ಬರೆದದ್ದುಂಟು. ಕಣ್ಣಿಗೆ ಅದು ‘ಐದು ಮಡಿಕೆ’ಯಂತೆ ಕಾಣುತ್ತದೆ. ಚಿಟ್ಟೆಗೆ ಐದು ಮಡಿಕೆ ಎಲ್ಲಿ? ಜರ್ಮನ್ನರು ಇನ್ನೂ ಜಾಣರು. ಎರಡು ರೆಕ್ಕೆ ಮಡಿಸಿ ಕೂರುತ್ತದೆಂದು ಅದನ್ನು ‘ಟ್ಸ್ವೈಫಾಲ್ಟರ್’, ಇಮ್ಮಡಿಕೆ, ಮಾಡಿಕೊಂಡರು. ಇಂದಿನ ಜರ್ಮನ್ನಿನಲ್ಲಿ ಹಳೆಯ ಪದದ ಬಾಲ ಮಾತ್ರ ‘ಫಾಲ್ಟರ್’ ಎಂದು ಉಳಿದಿದೆ, ಕೇಳಿದವರಿಗೆ ಮಡಿಸುವುದರ ನೆನಪೇ ಬರುತ್ತದೆ. ಐಸ್‌ಲ್ಯಾಂಡಿನವರು ಪುಕ್ಕ ಎಂಬ ಅರ್ಥದ ತಮ್ಮ ಪದವನ್ನು ಅದರೊಳಗೆ ನುಸುಳಿಸಿ ‘ಫಿದ್ರಿಲ್ದಿ’ ಎಂದರು. ಸ್ವೀಡನ್ನಿನಲ್ಲಿ ಸವೆದು ಸವೆದು ‘ಫ್ಯಾರಿಲ್’ ಆಗಿದೆ. ನೀವು ಗೋಡೆಯ ಮೇಲೆ ಮಾಡಿದ್ದನ್ನು ಒಂದು ಸಾವಿರ ವರ್ಷದಿಂದ ಇಡೀ ಜನಾಂಗಗಳೇ ಮಾಡಿಕೊಂಡು ಬಂದಿವೆ. ಹೀಗೆ ಹುಟ್ಟಿಸಿಕೊಂಡ ಪದಮೂಲಕ್ಕೆ ಜಾನಪದ ನಿರುಕ್ತಿ ಎನ್ನುತ್ತಾರೆ.

ಈಗ ಕಷ್ಟದ ಪ್ರಶ್ನೆ. ಬೆಣ್ಣೆಯೇ ಯಾಕೆ?

ವಿಜ್ಞಾನ ಶಿಕ್ಷಕರ ಹಳದಿ ಬಣ್ಣದ ವಾದ ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯ. ಅಲ್ಲಿ ಬ್ರಿಮ್‌ಸ್ಟೋನ್ ಎಂಬ ಚಿಟ್ಟೆಯಿದೆ, ಗಂಡಿನ ರೆಕ್ಕೆ ಗಂಧಕದ ಹಳದಿ. ಅದು ಚಳಿಗಾಲವನ್ನು ಚಿಟ್ಟೆಯಾಗಿಯೇ ಕಳೆದು, ವಸಂತದ ಮೊದಲ ಬಿಸಿಲಿಗೆ ಎಲ್ಲರಿಗಿಂತ ಮುಂಚೆ ಹೊರಬರುತ್ತದೆ. ಹುಲ್ಲು ಮೇಯುವ ಹಸುವಿನ ಬೆಣ್ಣೆಯೂ ಹಳದಿ. (ಎಮ್ಮೆಯ ಬೆಣ್ಣೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ಹೋಲಿಕೆ ತಟ್ಟನೆ ಹೊಳೆಯಲಿಕ್ಕಿಲ್ಲ, ಹುಲ್ಲಿನ ಹಳದಿ ಅಂಶ ಹಸುವಿನ ಹಾಲಿಗೆ ಇಳಿದಂತೆ ಎಮ್ಮೆಯ ಹಾಲಿಗೆ ಇಳಿಯುವುದಿಲ್ಲ.) ಕೇಳಲು ಚೆನ್ನಾಗಿದೆ. ಆದರೆ ಜರ್ಮನ್ ಗಡಿ ದಾಟಿದರೆ ಈ ವಾದ ಸೋಲುತ್ತದೆ.

ಜರ್ಮನ್ನಿನಲ್ಲಿ ಚಿಟ್ಟೆಗೆ ಈಗ ಎಲ್ಲರೂ ಬಳಸುವ ಹೆಸರು ‘ಶ್ಮೆಟರ್ಲಿಂಗ್’. ನಾನು ಅಲ್ಲಿ ಓದುತ್ತಿದ್ದಾಗ ಬಾಡಿಗೆ ಕೋಣೆಯ ಯಜಮಾನಿ, ಎಪ್ಪತ್ತು ದಾಟಿದ ಅಜ್ಜಿ, ‘ಶ್ಮೆಟರ್ನ್’ ಎಂದರೆ ಧಡಾರನೆ ಬಡಿಯುವುದು, ರೆಕ್ಕೆ ಬಡಿಯುವುದರಿಂದ ಈ ಹೆಸರು ಎಂದು ಅಡುಗೆಮನೆಯ ಬಾಗಿಲನ್ನೇ ಬಡಿದು ತೋರಿಸಿದ್ದರು. ಯುರೋಪಿನ ಬೇರೆ ಭಾಷೆಯವರೂ ಇದನ್ನೇ ಹಿಡಿದು ನಗುತ್ತಾರೆ: ಫ್ರೆಂಚಿನಲ್ಲಿ ಪಾಪಿಯೋಂ, ಇಟಾಲಿಯನ್ನಿನಲ್ಲಿ ಫಾರ್‌ಫಾಲ್ಲ, ಸ್ಪ್ಯಾನಿಷಿನಲ್ಲಿ ಮರಿಪೋಸ, ಜರ್ಮನ್ನಿನಲ್ಲಿ ಮಾತ್ರ ಶ್ಮೆಟರ್ಲಿಂಗ್! ಪಾಪ, ಆ ಪದದೊಳಗಿರುವುದು ಹಾಲಿನ ಕೆನೆ. ಪೂರ್ವ ಜರ್ಮನ್ ಒಳನುಡಿಗಳಲ್ಲಿ ಕೆನೆಗೆ ‘ಶ್ಮೆಟೆನ್’ ಎಂಬ ಹೆಸರಿತ್ತು. ನೆರೆಯ ಚೆಕ್ ಭಾಷೆಯ ‘ಸ್ಮೆತನ’ದಿಂದ ಬಂದದ್ದು. (ಸ್ಮೆತನ ಎಂಬ ಹೆಸರಿನ ಚೆಕ್ ಸಂಗೀತಗಾರರನ್ನು ನೀವು ಕೇಳಿರಬಹುದು. ಕನ್ನಡದಲ್ಲಿ ಅವರು ಕೆನೆಯವರು.) ಈ ಹೆಸರು ಬರಹದಲ್ಲಿ ಮೊದಲು ಸಿಗುವುದು 1501ರಲ್ಲಿ, ಎಲ್ಲೆಡೆ ಹರಡಿದ್ದು ಹದಿನೆಂಟನೆಯ ಶತಮಾನದಿಂದ ಈಚೆಗೆ. ಇನ್ನು ಕೆಲವು ಒಳನುಡಿಗಳಲ್ಲಿ ಚಿಟ್ಟೆ ‘ಬುಟರ್‌ಫೋಗೆಲ್’, ಬೆಣ್ಣೆಹಕ್ಕಿ. ಮತ್ತೆ ಕೆಲವೆಡೆ ‘ಮೊಲ್ಕೆನ್‌ಡೀಬ್’, ಅಂದರೆ ಹಾಲೊಡೆದ ನೀರಿನ ಕಳ್ಳ.

ಇಲ್ಲೊಂದು ಗಳಿಗೆ ನಿಲ್ಲಿ. ಒಂದು ಕಡೆ ಬೆಣ್ಣೆ, ಒಂದು ಕಡೆ ಕೆನೆ, ಇನ್ನೊಂದು ಕಡೆ ಹಾಲಿನ ನೀರು. ಪದಗಳು ಬೇರೆ ಬೇರೆ, ಊರುಗಳು ಬೇರೆ ಬೇರೆ. ಹಾಲೊಡೆದ ನೀರಾಗಲಿ ಕೆನೆಯಾಗಲಿ ಬೆಣ್ಣೆಯ ಹಾಗೆ ಹಳದಿಯಲ್ಲ. ಒಂದು ಹಳದಿ ಚಿಟ್ಟೆ ಇಷ್ಟು ಹೆಸರುಗಳನ್ನು ಹುಟ್ಟಿಸಲಾರದು. ಉತ್ತರ ಯುರೋಪಿನ ಹಳ್ಳಿಗರ ಮನಸ್ಸಿನಲ್ಲಿ ಚಿಟ್ಟೆಗೂ ಹಾಲಿನ ಮನೆಗೂ ಏನೋ ಒಂದು ನಂಟಿತ್ತು ಎಂಬುದಕ್ಕೆ ನನಗೆ ಗೊತ್ತಿರುವ ಗಟ್ಟಿ ಸಾಕ್ಷಿ ಇದು.

ಆ ನಂಟು ಕಳ್ಳತನದ್ದೇ? ನಿಮ್ಮ ಹಳೆಯ ವಿದ್ಯಾರ್ಥಿ ಹೇಳಿದ್ದು ಸುಳ್ಳಲ್ಲ. ಮಾಟಗಾತಿಯರು ಚಿಟ್ಟೆಯ ರೂಪದಲ್ಲಿ ಬಂದು ಹಾಲು, ಕೆನೆ, ಬೆಣ್ಣೆ ಕದಿಯುತ್ತಾರೆ ಎಂಬ ನಂಬಿಕೆ ಅಲ್ಲಿತ್ತು, ಕಳ್ಳ ಎಂಬುದು ಹೆಸರಿನಲ್ಲೇ ಇದೆ. (ಉಡುಪಿಯ ಕಡೆಗೋಲು ಕೃಷ್ಣನ ನಾಡಿನವರಿಗೆ ಬೆಣ್ಣೆ ಕದಿಯುವವರ ಮೇಲೆ ಸಿಟ್ಟು ಬರುವುದು ಕಷ್ಟ, ಆ ಮಾತು ಬೇರೆ.) ತೊಡಕು ಇರುವುದು ಕಾಲದಲ್ಲಿ. ಈ ನಂಬಿಕೆಗಳು ಬರಹಕ್ಕೆ ಇಳಿದದ್ದು ಹೆಸರು ಹುಟ್ಟಿ ಬಹಳ ಶತಮಾನಗಳ ಮೇಲೆ. ಸಾವಿರ ವರ್ಷದ ಹಿಂದಿನ ಪದಪಟ್ಟಿಯಲ್ಲಿ ‘ಬುಟ್ಟೊರ್‌ಫ್ಲೇಯೊಗೆ’ ಎಂದಷ್ಟೇ ಇದೆ, ಮಾಟಗಾತಿಯ ಸುಳಿವಿಲ್ಲ. ನಂಬಿಕೆಯಿಂದ ಹೆಸರು ಬಂದಿರಬಹುದು. ಹೆಸರಿನಿಂದ ನಂಬಿಕೆ ಬಂದಿರಲೂಬಹುದು: ಬೆಣ್ಣೆಹುಳು ಎಂಬ ಹೆಸರು ಕೇಳಿದ ಮಗು ‘ಬೆಣ್ಣೆ ಯಾಕೆ ಅಜ್ಜಿ?’ ಎಂದಾಗ ಅಜ್ಜಿ ಒಂದು ಕಥೆ ಕಟ್ಟಲೇಬೇಕಲ್ಲ.

ನಿಮ್ಮ ಇನ್ನೊಬ್ಬ ಸಹೋದ್ಯೋಗಿ ಹೇಳಿದ್ದು ಏನೆಂದು ಊಹಿಸಬಲ್ಲೆ. ಹಳೆಯ ಡಚ್ಚಿನಲ್ಲಿ ಚಿಟ್ಟೆಗೆ ‘ಬೋಟರ್‌ಸ್ಖೈಟೆ’ ಎಂಬ ಹೆಸರೂ ಇತ್ತು, ಬೆಣ್ಣೆಯ ಹೇಲು ಹಾಕುವುದು ಎಂದು. ಚಿಟ್ಟೆಯ ಹಿಕ್ಕೆ ಬೆಣ್ಣೆಯಂತಿರುತ್ತದೆ, ಇದೇ ಮೂಲ ಎಂದು ಒಂದು ಕಾಲದಲ್ಲಿ ಪಂಡಿತರೇ ವಾದಿಸಿದ್ದರು. ಹೆಸರಿದ್ದದ್ದು ನಿಜ. ಅದು ಇಡೀ ಪದಕ್ಕೆ ಮೂಲವೆನ್ನಲು ಆಧಾರ ಸಾಲದು, ಹಳ್ಳಿಯ ಹುಡುಗರ ತಮಾಷೆಯೂ ಆಗಿರಬಹುದು. ಚಿಟ್ಟೆಗಳನ್ನು ಹತ್ತಿರದಿಂದ ನೋಡಿದವರಿಗೆ ಬೇರೆಯೇ ಬಣ್ಣ ಕಾಣುತ್ತದೆ. ಕೋಶ ಒಡೆದು ಹೊರಬಂದ ಎಷ್ಟೋ ಚಿಟ್ಟೆಗಳು ಮೊದಲು ಬಿಡುವ ದ್ರವ ಕೆಂಪಗಿರುತ್ತದೆ. 1608ರಲ್ಲಿ ಫ್ರಾನ್ಸಿನ ಎಕ್ಸ್ ಎಂಬ ಪಟ್ಟಣದ ಸುತ್ತಮುತ್ತ ಗೋಡೆಗಳ ಮೇಲೆ ಕೆಂಪು ಹನಿ ಕಂಡು ರಕ್ತದ ಮಳೆಯಾಯಿತೆಂದು ಜನ ಹೆದರಿದ್ದರು. ಪೆಯ್‌ರೆಸ್ಕ್ ಎಂಬ ವಿದ್ವಾಂಸರು ಒಂದು ಕೋಶವನ್ನು ಡಬ್ಬಿಯಲ್ಲಿಟ್ಟು, ಚಿಟ್ಟೆ ಹೊರಬಂದ ಮೇಲೆ ಅದೇ ಕೆಂಪು ಹನಿಯನ್ನು ತೋರಿಸಿ ಸಮಾಧಾನ ಹೇಳಿದರು. ಈ ಕಥೆಯನ್ನು ಮಕ್ಕಳಿಗೆ ಹೇಳಬಹುದು.

ನನ್ನ ಒಲವು ಯಾವ ಕಡೆ ಎಂದು ಕೇಳಿದರೆ, ಕಾಲಮಾನದ ಕಡೆ. ಆ ದೇಶಗಳಲ್ಲಿ ಚಳಿಗಾಲ ಕಳೆದು ಹಸುಗಳು ಹುಲ್ಲಿಗೆ ಇಳಿದಾಗ ಹಾಲು ಉಕ್ಕುತ್ತದೆ, ಮನೆಮನೆಯಲ್ಲಿ ಬೆಣ್ಣೆ ಕಡೆಯುತ್ತಾರೆ. ಚಿಟ್ಟೆ ಕಾಣಿಸುವುದೂ ಅದೇ ಹೊತ್ತಿಗೆ. ಡೆನ್ಮಾರ್ಕಿನವರು ಚಿಟ್ಟೆಗೆ ‘ಸೊಮ್ಮರ್‌ಫೂಲ್’, ಬೇಸಗೆಯ ಹಕ್ಕಿ, ಎಂದೇ ಹೆಸರಿಟ್ಟರು. ಬೆಣ್ಣೆಯ ಕಾಲದ ಹುಳು ಬೆಣ್ಣೆಹುಳು ಆಯಿತೇನೋ. ಇದು ನನ್ನ ಅಂದಾಜು. ಇದಕ್ಕೂ ಒಂದು ನಕ್ಷತ್ರ ಹಾಕಿಕೊಳ್ಳಿ.

ಚಿಟ್ಟೆಯ ಹೆಸರಿನಲ್ಲೇ ಇಷ್ಟು ಗೊಂದಲ ಯಾಕೆ ಎಂದು ನಿಮಗೆ ಅನಿಸಬಹುದು. ಇಲಿಯನ್ನು ನೋಡಿ. ಇಂಗ್ಲಿಷಿನ ಮೌಸ್, ಲ್ಯಾಟಿನ್ನಿನ ಮೂಸ್, ಸಂಸ್ಕೃತದ ಮೂಷಕ: ಸಾವಿರಾರು ವರ್ಷ, ಸಾವಿರಾರು ಮೈಲಿ ಕಳೆದರೂ ಇಲಿ ಹೆಸರು ಬಿಟ್ಟಿಲ್ಲ. ಚಿಟ್ಟೆ ಮಾತ್ರ ಗಡಿ ದಾಟಿದ ಕೂಡಲೇ ಹೆಸರು ಬದಲಿಸುತ್ತದೆ. ನಮ್ಮ ಕಡೆಯೂ ಹಾಗೆಯೇ. ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕರಲ್ಲೂ ಕಣ್ಣಿಗೆ ಒಂದೇ ಪದದ ರೂಪಗಳಿವೆ. ಚಿಟ್ಟೆಗೆ? ತೆಲುಗಿನಲ್ಲಿ ಸೀತಾಕೋಕಚಿಲುಕ, ಸೀತೆಯ ಸೀರೆಯ ಗಿಳಿ. ತಮಿಳಿನಲ್ಲಿ ವಣ್ಣತ್ತುಪ್ಪೂಚ್ಚಿ, ಬಣ್ಣದ ಹುಳು. ಮಲಯಾಳದಲ್ಲಿ ಪೂಂ‌ಪಾಟ್ಟ. ಒಂದೇ ಕನ್ನಡದಲ್ಲಿ ಮೈಸೂರಿನವರಿಗೆ ಚಿಟ್ಟೆ, ನಿಮ್ಮ ಧಾರವಾಡದವರಿಗೆ ಪಾತರಗಿತ್ತಿ. ಪಾತರ ಎಂದರೆ ಕುಣಿಯುವವಳು. ಬಣ್ಣದ ಸೀರೆಯುಟ್ಟು ಕುಣಿಯುವವಳನ್ನು ಆ ಹುಳುವಿನಲ್ಲಿ ಕಂಡವರು ಯಾರೋ. ದವಸ ತಿನ್ನುವ ಇಲಿ ದೊಡ್ಡವರ ಲೆಕ್ಕದ ಪ್ರಾಣಿ. ಚಿಟ್ಟೆ ಕಚ್ಚುವುದಿಲ್ಲ, ಜೇನು ಕೊಡುವುದಿಲ್ಲ, ಅದರ ಹಿಂದೆ ಓಡುವವರು ಮಕ್ಕಳು. ಮಕ್ಕಳ ಕೈಗೆ ಸಿಕ್ಕ ಹೆಸರು ಒಂದೇ ಕಡೆ ನಿಲ್ಲುವುದಿಲ್ಲ.

ಇನ್ನು ನಿಮ್ಮ ಗೋಡೆ. ಬರಹವನ್ನು ಪೂರ್ತಿ ಅಳಿಸಿ ಚಿತ್ರ ಮಾತ್ರ ಉಳಿಸುವುದು ಸುಲಭದ ದಾರಿ. ಆದರೆ ಒಂದು ವರ್ಷ ಅದನ್ನು ಓದಿದ ಮಕ್ಕಳ ತಲೆಯಲ್ಲಿ ಫ್ಲಟರ್‌ಬೈ ಹಾಗೇ ಉಳಿಯುತ್ತದೆ, ಯಾಕೆ ಅಳಿಸಿದರೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ತಮಾಷೆಯೆಂದು ಹೇಳಿ ಉಳಿಸಿಕೊಳ್ಳಬಹುದು. ನನಗಂತೂ ಆ ತಮಾಷೆ ಇಷ್ಟ. ಅಪಾಯವೇನೆಂದರೆ ಗೋಡೆಯ ಫೋಟೋ ತೆಗೆದು ಕಳಿಸುವವರು ‘ತಮಾಷೆ’ ಎಂಬ ಸಾಲನ್ನು ಕತ್ತರಿಸಿಯೇ ಕಳಿಸುತ್ತಾರೆ. ಮಾಟಗಾತಿ, ಹಳದಿ ಬಣ್ಣ ಇವುಗಳಲ್ಲಿ ಒಂದನ್ನು ಆರಿಸಿ ಬರೆಸಿದರೆ ಇನ್ನೊಂದು ವರ್ಷಕ್ಕೆ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಬಂದು ನಿಮ್ಮನ್ನು ಕೆಣಕುತ್ತಾನೆ. ನಾನಾಗಿದ್ದರೆ ಇಷ್ಟೇ ಬರೆಸುತ್ತಿದ್ದೆ: ‘ಬಟರ್‌ಫ್ಲೈ: ಬೆಣ್ಣೆ + ಹಾರುವ ಹುಳು. ಸಾವಿರ ವರ್ಷಕ್ಕೂ ಹಳೆಯ ಹೆಸರು. ಬೆಣ್ಣೆ ಯಾಕೆ? ಯಾರಿಗೂ ಖಚಿತವಾಗಿ ಗೊತ್ತಿಲ್ಲ.’ ಪರೀಕ್ಷೆಗೆ ಓದುವ ಮಕ್ಕಳಿಗೆ ಕೊನೆಯ ಸಾಲು ಕಸಿವಿಸಿ ಮಾಡುತ್ತದೆ, ‘ಟೀಚರಿಗೇ ಗೊತ್ತಿಲ್ಲ’ ಎನ್ನುವವರೂ ಇರುತ್ತಾರೆ. ಆ ಮಾತನ್ನು ನೀವು ತಡೆದುಕೊಳ್ಳಬಲ್ಲಿರಿ ಎಂದುಕೊಂಡಿದ್ದೇನೆ. ಕೆಳಗೆ ಸ್ವಲ್ಪ ಜಾಗ ಖಾಲಿ ಬಿಡಿಸಿ. ಮಕ್ಕಳು ಮನೆಯಲ್ಲಿ ಚಿಟ್ಟೆಗೆ ಏನೆನ್ನುತ್ತಾರೆಂದು ಕೇಳಿಕೊಂಡು ಬಂದು ಅಲ್ಲಿ ಬರೆಯಲಿ. ಉರ್ದು, ಕೊಂಕಣಿ, ಮರಾಠಿ, ಲಂಬಾಣಿ ಆಡುವ ಮನೆಗಳು ನಿಮ್ಮ ಕಡೆ ಇದ್ದೇ ಇರುತ್ತವೆ.

ಕಿಟಕಿಯ ಹುಡುಗನಿಗೆ ಹೇಳಿ, ಚಿಟ್ಟೆಗೆ ಅಗಿಯುವ ಬಾಯಿಲ್ಲ. ಸುರುಳಿ ಸುತ್ತಿದ ಕೊಳವೆಯೊಂದಿದೆ, ಅದರಿಂದ ಹೀರಿಕೊಂಡದ್ದಷ್ಟೇ ಅದರ ಊಟ: ಹೂವಿನ ರಸ, ಒದ್ದೆ ಮಣ್ಣಿನ ಉಪ್ಪುನೀರು, ಅತಿಯಾಗಿ ಮಾಗಿದ ಹಣ್ಣು. ಬೆಣ್ಣೆಗೆ ಚಿಟ್ಟೆಗಿಂತ ಮೊದಲು ಇರುವೆ ಬರುತ್ತದೆ. ಅದನ್ನು ತೆಗೆಸಿ, ಕಪ್ಪಗಾದ ಒಂದು ಬಾಳೆಹಣ್ಣನ್ನು ಸಿಪ್ಪೆ ಬಿಚ್ಚಿ ಅಂಗಳದ ಗಿಡದ ನೆರಳಿನಲ್ಲಿ ಇಡಲು ಹೇಳಿ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ನೋಡಲಿ.